ಮೆಟ್ರೋ ನಿಲ್ದಾಣಕ್ಕೆ ಎರಡು ಕಿಲೋಮೀಟರ್: ಮೊದಲು ಕೇಳಬೇಕಾದದ್ದು ಬಸ್ಸೋ, ಸೈಕಲ್ ಪಥವೋ, ಫುಟ್‌ಪಾತೋ?

ನಡೆದು ಬಂದವಳು
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ದಕ್ಷಿಣದ ಒಂದು ಹಳೆಯ ಬಡಾವಣೆಯಲ್ಲಿ ನಮ್ಮ ಮನೆ. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆಯಾದಾಗ ನಮ್ಮ ಬೀದಿಗೆ ಬೀದಿಯೇ ಸಂಭ್ರಮಪಟ್ಟಿತ್ತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿ.ಮೀ., 16 ನಿಲ್ದಾಣ. ನನ್ನ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ರೈಲು ಹತ್ತಿದ ಮೇಲೆ ನನಗೆ ಯಾವ ದೂರೂ ಇಲ್ಲ. ಕಷ್ಟವೆಲ್ಲ ಹತ್ತುವ ಮೊದಲು.

ಮನೆಯಿಂದ ನಿಲ್ದಾಣಕ್ಕೆ ಎರಡು ಕಿ.ಮೀ.ಗೆ ಸ್ವಲ್ಪ ಕಡಿಮೆ. ದಾರಿಯಲ್ಲಿ ಹನ್ನೊಂದು ಕಡೆ ಚರಂಡಿಯ ಚಪ್ಪಡಿ ಒಡೆದಿದೆ ಅಥವಾ ಇಲ್ಲವೇ ಇಲ್ಲ. ಫುಟ್‌ಪಾತ್ ಇರುವಲ್ಲಿ ಬೈಕು ನಿಂತಿರುತ್ತದೆ, ಇಲ್ಲದಲ್ಲಿ ರಸ್ತೆಗೆ ಇಳಿಯಬೇಕು, ಇಳಿದರೆ ಸಾಲಾಗಿ ನಿಂತ ಕಾರುಗಳನ್ನು ಬಳಸಿಕೊಂಡು ನಡುರಸ್ತೆಯಲ್ಲಿ ನಡೆಯಬೇಕು. ನನ್ನ ಅಮ್ಮನಿಗೆ 68 ವರ್ಷ, ಮೊಣಕಾಲು ನೋವು. ಮೆಟ್ರೋದಲ್ಲಿ ಒಮ್ಮೆ ಕುಳಿತು ಬರಬೇಕೆಂಬ ಅವರ ಆಸೆಯನ್ನು ತೀರಿಸಲು ಆಟೋದವರೊಡನೆ ಅರ್ಧ ಗಂಟೆ ಚೌಕಾಶಿ ಮಾಡಬೇಕಾಯಿತು.

ನಾವು ಹನ್ನೊಂದು ಜನ ಒಂದು ಗುಂಪು ಕಟ್ಟಿಕೊಂಡಿದ್ದೇವೆ. ಗುಂಪಿಗೆ ಇನ್ನೂ ಹೆಸರಿಲ್ಲ. ಎರಡು ಭಾನುವಾರ ಸೇರಿದೆವು, ಎರಡೂ ಸಲ ಜಗಳವಾಯಿತು. ನಾಲ್ವರಿಗೆ ಮನೆಯ ಹತ್ತಿರದಿಂದ ಮೆಟ್ರೋ ನಿಲ್ದಾಣಕ್ಕೆ ತಲುಪಿಸುವ ಫೀಡರ್ ಬಸ್ ಬೇಕು, ಮೂವರಿಗೆ ಸೈಕಲ್ ಪಥ ಬೇಕು, ಉಳಿದವರಿಗೆ ಫುಟ್‌ಪಾತ್ ಬೇಕು. ಮೂರನ್ನೂ ಒಟ್ಟಿಗೆ ಕೇಳುವಷ್ಟು ಶಕ್ತಿ ನಮ್ಮಲ್ಲಿ ಇಲ್ಲ. ನಿಮ್ಮ ಬಡಾವಣೆಯಲ್ಲಿ ಇಂಥ ಕೆಲಸ ಮಾಡಿದವರಿದ್ದರೆ ಹೇಳಿ: ಮೊದಲು ಏನು ಕೇಳಿದಿರಿ, ಏನು ಸಿಕ್ಕಿತು?

ನಿಲ್ದಾಣದ ನೆರಳು
ಬಸ್ಸು. ಎರಡನೆಯ ಮಾತೇ ಇಲ್ಲ.

ನಿಮ್ಮ ಅಮ್ಮ ಸೈಕಲ್ ತುಳಿಯುವುದಿಲ್ಲ, ಎರಡು ಕಿ.ಮೀ. ನಡೆಯುವುದೂ ಇಲ್ಲ. ಬಸ್ಸು ಬಂದರೆ ಅವರೂ ಹೋಗುತ್ತಾರೆ, ಮನೆಗೆಲಸಕ್ಕೆ ಬರುವ ಹೆಣ್ಣುಮಕ್ಕಳೂ ಹೋಗುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಕೊಡಬೇಕಾಗಿಲ್ಲ. ಆದರೆ ಬಸ್ಸು ನಿಮ್ಮ ಬೀದಿಯವರೆಗೆ ಬಾರದಿದ್ದರೆ ಆ ಉಚಿತದಿಂದ ಏನು ಪ್ರಯೋಜನ? ಮೆಟ್ರೋ ದರ 2025ರ ಫೆಬ್ರುವರಿಯಲ್ಲಿ ಏರಿ, ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಅದರ ಮೇಲೆ ಆಟೋಗೂ ಕೊಡಬೇಕೆಂದರೆ ಜನ ಸ್ಕೂಟರಿಗೇ ಮರಳುತ್ತಾರೆ.

ಎರಡು ಚಕ್ರ
ನೆರಳು ಅವರೇ, ಎರಡನೆಯ ಮಾತಿದೆ. ಎರಡು ಕಿಲೋಮೀಟರ್ ಎಂಬುದು ಸೈಕಲ್ಲಿಗೆಂದೇ ಇರುವ ದೂರ. ಎಂಟು ನಿಮಿಷ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನಾನು ರೈಲಿನ ಒಳಗಿರುತ್ತೇನೆ. ಚಾಲಕ ಬೇಡ, ಡೀಸೆಲ್ ಬೇಡ, ಡಿಪೋ ಬೇಡ. ಬೇಕಾದದ್ದು ಒಂದೂವರೆ–ಎರಡು ಮೀಟರ್ ಅಗಲದ ದಾರಿ, ನಿಲ್ದಾಣದಲ್ಲಿ ಬೀಗ ಹಾಕಿ ನಿಲ್ಲಿಸಲು ಒಂದು ಕಂಬಿ.

ಮಲ್ಲೇಶ್ವರದ ಅಜ್ಜ
ಎಂಟು ನಿಮಿಷ ನಿಮಗೆ. ಮಳೆಯಲ್ಲಿ? ಕತ್ತಲಲ್ಲಿ? ಸೀರೆ ಉಟ್ಟವರಿಗೆ?

ಎರಡು ಚಕ್ರ
ಅಜ್ಜ, ನನ್ನ ತಾಯಿ ಸೀರೆ ಉಟ್ಟುಕೊಂಡೇ ಮಂಡ್ಯದಲ್ಲಿ ಹದಿನೈದು ವರ್ಷ ಸೈಕಲ್ಲಿನಲ್ಲಿ ಶಾಲೆಗೆ ಹೋಗಿ ಪಾಠ ಮಾಡಿದ್ದಾರೆ. ಅವರಿಗೆ ಸೀರೆ ಎಂದೂ ತೊಡಕಾಗಲಿಲ್ಲ. ಹಿಂದಿನಿಂದ ಒತ್ತಿಕೊಂಡು ಬರುವ ವಾಹನದ ಭಯ ತೊಡಕಾಯಿತು.

ಕೆಂಪು ಸೈಕಲ್
ಇದನ್ನು ಓದಿ ಸುಮ್ಮನಿರಲಾಗಲಿಲ್ಲ. ನಮ್ಮ ರಾಜ್ಯದಲ್ಲಿ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿತು. ನಾನು ಅದನ್ನು ಪಡೆದವಳು. ನಮ್ಮ ಊರಿನಿಂದ ಪ್ರೌಢಶಾಲೆಗೆ ನಾಲ್ಕೂವರೆ ಕಿ.ಮೀ. ಆ ಸೈಕಲ್ ಇಲ್ಲದಿದ್ದರೆ ಅಪ್ಪ ನನ್ನನ್ನು ಶಾಲೆ ಬಿಡಿಸುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ನಾವು ಏಳು ಹುಡುಗಿಯರು ಒಟ್ಟಿಗೆ ಹೋಗುತ್ತಿದ್ದೆವು, ಅಕ್ಕಪಕ್ಕ ಸಾಲಾಗಿ, ಹಾಡು ಹೇಳಿಕೊಂಡು. ಈಗ ಬೆಂಗಳೂರಿನಲ್ಲಿದ್ದೇನೆ, ಒಳ್ಳೆಯ ಸಂಬಳವಿದೆ. ಸೈಕಲ್ ಕೊಂಡೆ, ಮೂರು ದಿನ ತುಳಿದೆ, ನಿಲ್ಲಿಸಿದೆ. ಹದಿಮೂರನೇ ವಯಸ್ಸಿನಲ್ಲಿ ಇದ್ದ ಧೈರ್ಯ ಮೂವತ್ತಕ್ಕೆ ಇಲ್ಲದಂತೆ ಈ ರಸ್ತೆ ಮಾಡಿದೆ.

ಗಾಲಿಕುರ್ಚಿ
ನಾನು ಗಾಲಿಕುರ್ಚಿಯಲ್ಲಿ ಓಡಾಡುವವನು. ಫುಟ್‌ಪಾತಿನ ಪರವಾಗಿ ನನ್ನ ಮತ. ಬಸ್ಸು ಹತ್ತುವವರೂ ನಿಲ್ದಾಣದವರೆಗೆ ನಡೆದೇ ಬರಬೇಕು, ಸೈಕಲ್ ಇಳಿದವರೂ ನಡೆಯಬೇಕು. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ 103ರಲ್ಲಿ ಅಳತೆಗಳು ಸ್ಪಷ್ಟವಾಗಿವೆ: ವಸತಿ ಪ್ರದೇಶದಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ, ಫುಟ್‌ಪಾತಿನ ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ನನ್ನ ಬೀದಿಯಲ್ಲಿ ಒಂದು ಕಡೆ ಅಳೆದೆ, 340 ಮಿಲಿಮೀಟರ್ ಇತ್ತು. ಅಷ್ಟು ಎತ್ತರವನ್ನು ಗಾಲಿಕುರ್ಚಿ ಇರಲಿ, ಮೊಣಕಾಲು ನೋವಿರುವ ನಿಮ್ಮ ತಾಯಿಯೂ ಹತ್ತಲಾರರು.

ಇನ್ನೊಂದು ವಿಷಯ. ಬೈಕು ಹತ್ತಬಾರದೆಂದು ಫುಟ್‌ಪಾತಿನ ತುದಿಗೆ ಕಂಬ ನೆಡಲು ಕೇಳುವಾಗ ದಯವಿಟ್ಟು ಎಚ್ಚರದಿಂದ ಕೇಳಿ. ಕಂಬಗಳ ನಡುವೆ ಒಂದು ಮೀಟರಾದರೂ ಬಿಡದಿದ್ದರೆ ನಾನು ಒಳಗೆ ಬರಲಾರೆ. ನಮ್ಮ ಪಕ್ಕದ ರಸ್ತೆಯಲ್ಲಿ ಒಳ್ಳೆಯ ಮನಸ್ಸಿನ ಜನರೇ ಹೋರಾಡಿ ಕಂಬ ಹಾಕಿಸಿದರು. ಬೈಕುಗಳ ಜೊತೆಗೆ ನಾನೂ ಹೊರಗುಳಿದೆ.

ನಡೆದು ಬಂದವಳು
ಕಂಬದ ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ ಸರ್. ನಮ್ಮ ಮನವಿಯ ಕರಡಿನಲ್ಲಿ 'ಅರ್ಧ ಮೀಟರಿಗೊಂದು ಕಂಬ' ಎಂದೇ ಬರೆದಿದ್ದೆವು. ಈಗಲೇ ತಿದ್ದುತ್ತೇನೆ.

ಸಾಲುಮರ
ನೀವೆಲ್ಲ ಎರಡು ಕಿ.ಮೀ. ಬಗ್ಗೆ ಮಾತನಾಡುತ್ತಿದ್ದೀರಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಗೆ 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಅಂದಾಜು ಮಾಡಲಾಗಿದೆ. ಆ ಹಣದಲ್ಲಿ ಎಷ್ಟು ಬಸ್ಸು, ಎಷ್ಟು ಫುಟ್‌ಪಾತ್! ಮೊದಲು ಅದರ ವಿರುದ್ಧ ನಿಲ್ಲಿ. ನಾವು 2016ರ ಅಕ್ಟೋಬರ್ 16ರಂದು ಉಕ್ಕಿನ ಮೇಲ್ಸೇತುವೆ ಬೇಡವೆಂದು ಮಾನವ ಸರಪಳಿ ಕಟ್ಟಿ ನಿಂತವರು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ., 1,791 ಕೋಟಿ ರೂಪಾಯಿ, 812 ಮರ. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆ ದಿನ ನನ್ನ ಪಕ್ಕದಲ್ಲಿ ಕೈ ಹಿಡಿದು ನಿಂತಿದ್ದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಆ ಕೈಯ ಬಿಸಿ ನೆನಪಿದೆ. ಊರು ಒಟ್ಟಾಗಿ ನಿಂತರೆ ಆಗುತ್ತದೆ.

ನಿಲ್ದಾಣದ ನೆರಳು
ನಾನೂ ಅಲ್ಲಿದ್ದೆ, ಹೆಮ್ಮೆಯಿದೆ. ಆದರೆ ಬೇಡವೆಂದು ಹೇಳಿ ಗೆಲ್ಲುವುದಕ್ಕೂ ಬೇಕೆಂದು ಹೇಳಿ ಗೆಲ್ಲುವುದಕ್ಕೂ ಬಹಳ ಅಂತರವಿದೆ ಸರ್. ಉಪನಗರ ರೈಲನ್ನೇ ನೋಡಿ. 1983ರಲ್ಲಿಯೇ ಪ್ರಸ್ತಾಪವಿತ್ತು. ನಾವು 'ಚುಕುಬುಕು ಬೇಕು' ಎಂದು ರೈಲು ನಿಲ್ದಾಣಗಳಲ್ಲಿ ಕೂಗಿದೆವು. ಕೇಂದ್ರದ ಒಪ್ಪಿಗೆ 2020ರಲ್ಲಿ, ಶಂಕುಸ್ಥಾಪನೆ 2022ರ ಜೂನ್‌ನಲ್ಲಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಮಾರ್ಗ, 148 ಕಿ.ಮೀ. ಹೆಸರು ಕೇಳಿದರೆ ಹೂವಿನ ತೋಟವೇ ಕಣ್ಣಮುಂದೆ ಬರುತ್ತದೆ, ರೈಲಿಗೆ ಮಾತ್ರ ಇನ್ನೂ ಕಾಯುತ್ತಿದ್ದೇವೆ. ಮಾನವ ಸರಪಳಿಯಿಂದ ಬಸ್ಸಿನ ಟ್ರಿಪ್ ಹೆಚ್ಚಿದ್ದನ್ನು ನಾನು ನೋಡಿಲ್ಲ.

ಸಾಲುಮರ
ಸುರಂಗ ಬಂದರೆ ನಿಮ್ಮ ಬಸ್ಸಿಗೆ ಹಣವೇ ಉಳಿಯುವುದಿಲ್ಲ ಎಂಬುದನ್ನು ಮರೆಯಬೇಡಿ.

ಹುಬ್ಬಳ್ಳಿ ಉಣಕಲ್
ನಮ್ಮ ಕಡೆಯಿಂದ ಒಂದು ಮಾತು. ಹುಬ್ಬಳ್ಳಿ–ಧಾರವಾಡದ ನಡುವೆ 22 ಕಿ.ಮೀ. ಚಿಗರಿ ಬಸ್ಸು ಓಡುತ್ತದೆ, ರಸ್ತೆಯ ನಡುವೆ ಅದಕ್ಕೇ ಮೀಸಲಾದ ಪಥ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು, 2020ರ ಫೆಬ್ರುವರಿಯಲ್ಲಿ ಅಧಿಕೃತ ಉದ್ಘಾಟನೆ. ಬೆಂಗಳೂರಿನವರು ಮೆಟ್ರೋ ಮೆಟ್ರೋ ಎನ್ನುವಾಗ ನನಗೆ ಅನ್ನಿಸುವುದು ಇಷ್ಟೇ: ಬಸ್ಸಿಗೆ ಸ್ವಂತ ದಾರಿ ಕೊಟ್ಟರೆ ಬಸ್ಸೇ ರೈಲಾಗುತ್ತದೆ. ನಾನು ವಿಶ್ವವಿದ್ಯಾಲಯಕ್ಕೆ ದಿನವೂ ಹೋಗುತ್ತಿದ್ದೆ, ಗಡಿಯಾರ ನೋಡುವುದನ್ನೇ ಬಿಟ್ಟಿದ್ದೆ.

ಧಾರವಾಡದ ಮಳೆ
ಅಣ್ಣಾ, ಅರ್ಧ ಮಾತು ಹೇಳಿದಿರಿ. ನಡುರಸ್ತೆಯ ನಿಲ್ದಾಣಕ್ಕೆ ಹೋಗಲು ವೇಗದ ವಾಹನಗಳ ನಡುವೆ ದಾಟಬೇಕು. ನಮ್ಮ ಅಜ್ಜಿ ಅದಕ್ಕೆ ಹೆದರಿ ಚಿಗರಿ ಹತ್ತಿದ್ದೇ ಇಲ್ಲ. ಪಕ್ಕದ ಸಾಮಾನ್ಯ ಪಥಗಳಲ್ಲಿ ಉಳಿದ ವಾಹನಗಳೆಲ್ಲ ಒತ್ತೊತ್ತಾಗಿ ನಿಂತಾಗ ಖಾಲಿ ಪಥವನ್ನು ನೋಡಿ ಜನರಿಗೆ ಸಿಟ್ಟು ಬರುತ್ತದೆ. ದಾಟುವ ದಾರಿಯನ್ನು ಮೊದಲೇ ಯೋಚಿಸಿದ್ದರೆ ಈ ಸಿಟ್ಟು ಅರ್ಧ ಇರುತ್ತಿರಲಿಲ್ಲ.

ಹುಬ್ಬಳ್ಳಿ ಉಣಕಲ್
ದಾಟುವ ವಿಷಯ ಒಪ್ಪಿದೆ ತಮ್ಮಾ. ಖಾಲಿ ಪಥದ ವಿಷಯ ಒಪ್ಪುವುದಿಲ್ಲ. ಒಂದು ಬಸ್ಸು ಹೋಯಿತೆಂದರೆ ಹತ್ತಾರು ಕಾರಿನ ಜನ ಹೋದರು. ಖಾಲಿ ಕಾಣುವುದು ಬಸ್ಸು ವೇಗವಾಗಿ ದಾಟಿಹೋದ ಕಾರಣಕ್ಕೆ.

ಬೆಳ್ಳಂದೂರಿನ ಬೆಳಗು
ಬೆಂಗಳೂರಿನಲ್ಲೂ ಆಗಿತ್ತಲ್ಲ. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಮಾಡಿದ್ದರು. ಮರುವರ್ಷ ಅದೇ ರಸ್ತೆಯಲ್ಲಿ ಸೈಕಲ್ ಪಥವನ್ನೂ ಗುರುತಿಸಿದರು. ನಂತರ ಮೆಟ್ರೋ ಕಾಮಗಾರಿ ಬಂತು. ಈಗ ಹುಡುಕಿದರೆ ಎರಡರ ಗುರುತೂ ಸಿಗುವುದಿಲ್ಲ.

ಕುಡ್ಲದ ಪ್ರಯಾಣಿಕ
ನಮ್ಮ ಮಂಗಳೂರಿನಲ್ಲಿ ಪ್ರತ್ಯೇಕ ಪಥವೂ ಇಲ್ಲ, ಮೆಟ್ರೋವೂ ಇಲ್ಲ. 1914ರಲ್ಲಿ ಶುರುವಾದ ಸಿ.ಪಿ.ಸಿ. ಕಂಪನಿಯ ಕಾಲದಿಂದಲೂ ಖಾಸಗಿ ಬಸ್ಸುಗಳದೇ ಊರು. ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ನಿಂತರೆ ಕಂಡಕ್ಟರ್ ಕರೆದೇ ಹತ್ತಿಸುತ್ತಾರೆ. ಒಂದು ಬಸ್ಸು ತಪ್ಪಿದರೆ ಇನ್ನೊಂದು ಬೆನ್ನ ಹಿಂದೆಯೇ ಇರುತ್ತದೆ, ಆದ್ದರಿಂದ ವೇಳಾಪಟ್ಟಿ ಯಾರಿಗೂ ಬೇಕಾಗಿಲ್ಲ. ಆದರೆ ಆ ನಿಮಿಷಗಳ ಪೈಪೋಟಿಯಲ್ಲಿ ವೇಗ ಹೆಚ್ಚಿ, ಬಾಗಿಲಿನಲ್ಲಿ ನಿಂತವರ ಜೀವ ಕೈಯಲ್ಲಿರುತ್ತದೆ. ನನ್ನ ಸಹಪಾಠಿಯೊಬ್ಬ ಹಾಗೆ ಬಿದ್ದು ಕಾಲು ಕಳೆದುಕೊಂಡ. ಬಸ್ಸು ಬೇಕೆಂದು ಕೇಳುವಾಗ ಎಂಥ ಬಸ್ಸು ಎಂದೂ ಕೇಳಿ.

ಹಳೆಯ ಕಂಡಕ್ಟರ್
ನಾನು 31 ವರ್ಷ ನಗರದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಮೇಡಂ, ನಿಮ್ಮ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಜನ ಬಂದು 'ನಮ್ಮ ಏರಿಯಾಕ್ಕೆ ಬಸ್ಸು ಬಿಡಿ' ಎನ್ನುತ್ತಾರೆ. ಮನವಿ ತಲುಪುತ್ತದೆ, ಶಾಸಕರ ಪತ್ರವೂ ಸೇರುತ್ತದೆ, ಒಂದು ದಿನ ಬಾಳೆಕಂಬ ಕಟ್ಟಿ ಬಸ್ಸು ಬಿಡುತ್ತಾರೆ. ಒಂದೇ ಬಸ್ಸು, ಅರ್ಧ ಗಂಟೆಗೊಂದು ಟ್ರಿಪ್. ನೀವೇ ಲೆಕ್ಕ ಹಾಕಿ: ಅರ್ಧ ಗಂಟೆಗೊಂದು ಬಸ್ಸೆಂದರೆ ಸರಾಸರಿ ಹದಿನೈದು ನಿಮಿಷ ಕಾಯಬೇಕು. ಆಮೇಲೆ ಹತ್ತು ನಿಮಿಷ ಪ್ರಯಾಣ. ಎರಡು ಕಿ.ಮೀ. ನಡೆದರೂ ಅಷ್ಟೇ ಹೊತ್ತು. ಹಾಗಾಗಿ ಯಾರೂ ಕಾಯುವುದಿಲ್ಲ. ಬಸ್ಸು ಖಾಲಿ ಓಡುತ್ತದೆ, ಕಿಲೋಮೀಟರಿಗೆ ಗಳಿಕೆ ಬೀಳುತ್ತದೆ, ಆರು ತಿಂಗಳಲ್ಲಿ ಷೆಡ್ಯೂಲು ರದ್ದಾಗುತ್ತದೆ. ಆಮೇಲೆ 'ಅಲ್ಲಿ ಪ್ರಯಾಣಿಕರೇ ಇಲ್ಲ' ಎಂಬ ಮಾತು ಕಡತದಲ್ಲಿ ಉಳಿದುಬಿಡುತ್ತದೆ. ಮತ್ತೆ ಹತ್ತು ವರ್ಷ ನಿಮಗೆ ಬಸ್ಸಿಲ್ಲ. ಇಂಥ ನಾಲ್ಕು ರೂಟುಗಳ ಮೊದಲ ದಿನವೂ ಕೊನೆಯ ದಿನವೂ ನಾನು ಡ್ಯೂಟಿಯಲ್ಲಿದ್ದೆ. ಕೊನೆಯ ಟ್ರಿಪ್ಪಿನಲ್ಲಿ ಒಬ್ಬ ಮುದುಕಿ 'ನಾಳೆ ಎಷ್ಟು ಹೊತ್ತಿಗಪ್ಪಾ' ಎಂದು ಕೇಳಿದ್ದು ಮರೆಯಲಾಗಿಲ್ಲ.

ಹತ್ತು ನಿಮಿಷಕ್ಕೊಂದು ಇದ್ದರೆ ಮಾತ್ರ ಫೀಡರ್ ಬದುಕುತ್ತದೆ. ಅದಕ್ಕೆ ಎರಡು ಮೂರು ಬಸ್ಸು ಬೇಕು. ಬಸ್ಸು ಸಿಕ್ಕರೂ ತೊಡಕು ಬೇರೆ ಇದೆ. ತುದಿಯಲ್ಲಿ ಬಸ್ಸು ತಿರುಗುವುದು ಎಲ್ಲಿ? ಚಾಲಕ, ಕಂಡಕ್ಟರಿಗೆ ಶೌಚಾಲಯ ಎಲ್ಲಿ? 12 ಮೀಟರಿನ ಬಸ್ಸಿಗೆ ಬೇಕಾದ ಜಾಗವೇ ಬೇರೆ, 9 ಮೀಟರಿನ ವಿದ್ಯುತ್ ಬಸ್ಸಿಗೆ ಬೇಕಾದದ್ದೇ ಬೇರೆ. ಹಿಂದಕ್ಕೆ ತೆಗೆದು ತಿರುಗಿಸುವ ಕಡೆ ಯಾವ ಚಾಲಕನೂ ಮನಸ್ಸಿನಿಂದ ಹೋಗುವುದಿಲ್ಲ. ಶಾಲೆ ಬಿಟ್ಟ ಹೊತ್ತಿನಲ್ಲಿ ಬಸ್ಸು ಹಿಂದಕ್ಕೆ ತೆಗೆಯುವ ಭಯ ನಿಮಗೆ ಗೊತ್ತಿಲ್ಲ.

ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ. ನಿಮ್ಮ ರಸ್ತೆ ಎಷ್ಟು ಅಡಿ? ಎರಡೂ ಕಡೆ ಕಾರು ನಿಲ್ಲುತ್ತವೆಯೇ?

ನಡೆದು ಬಂದವಳು
ನಲವತ್ತು ಅಡಿ ರಸ್ತೆ ಸರ್. ಎರಡೂ ಕಡೆ ನಿಲ್ಲುತ್ತವೆ, ಹಗಲೂ ರಾತ್ರಿಯೂ. ತಿರುಗುವುದಕ್ಕೆ ನೀರಿನ ಟ್ಯಾಂಕಿನ ಪಕ್ಕ ಒಂದು ನಾಗರಿಕ ಸೌಲಭ್ಯ ನಿವೇಶನ ಖಾಲಿ ಬಿದ್ದಿದೆ.

ಹಳೆಯ ಕಂಡಕ್ಟರ್
ಹಾಗಿದ್ದರೆ ಕೇಳಿ. ನಲವತ್ತು ಅಡಿ ಎಂದರೆ 12 ಮೀಟರ್. ಗಾಲಿಕುರ್ಚಿ ಅವರು ಹೇಳಿದ 1.8 ಮೀಟರ್ ಫುಟ್‌ಪಾತ್ ಎರಡು ಕಡೆಗೆ 3.6. ಉಳಿದದ್ದು 8.4. ಎರಡೂ ಕಡೆ ಕಾರು ನಿಂತರೆ ತಲಾ ಎರಡು ಮೀಟರ್, ಉಳಿದದ್ದು 4.4. ಬಸ್ಸಿನ ಅಗಲವೇ ಎರಡೂವರೆ ಮೀಟರ್. ಎದುರಿನಿಂದ ಒಂದು ಕಾರು ಬಂದರೆ ಮುಗಿಯಿತು, ಇಬ್ಬರೂ ನಿಂತು ಹಾರ್ನ್ ಹೊಡೆಯಬೇಕು. ಸೈಕಲ್ಲಿನವನು ಹೋಗುವುದೆಲ್ಲಿ?

ಒಂದು ಕಡೆಯ ಕಾರುಗಳನ್ನು ತೆಗೆಯಿರಿ. 6.4 ಮೀಟರ್ ಸಿಗುತ್ತದೆ. ಬಸ್ಸೂ ಕಾರೂ ಅಕ್ಕಪಕ್ಕ ದಾಟಿದ ಮೇಲೂ ಎರಡು ಮೀಟರ್ ಉಳಿಯುತ್ತದೆ. ನೀವು ಬಸ್ಸೋ ಸೈಕಲ್ಲೋ ಫುಟ್‌ಪಾತೋ ಎಂದು ಎರಡು ಭಾನುವಾರ ಜಗಳವಾಡಿದ್ದೀರಿ. ಮೂರಕ್ಕೂ ಅಡ್ಡ ನಿಂತಿರುವುದು ಅದೇ ಕಾರಿನ ಸಾಲು.

ಎರಡು ಚಕ್ರ
ಸರ್, ನಮಸ್ಕಾರ. ಇಷ್ಟು ವರ್ಷ ಸೈಕಲ್ ಪಥಕ್ಕಾಗಿ ಓಡಾಡಿದ್ದೇನೆ, ಈ ಲೆಕ್ಕವನ್ನು ಹೀಗೆ ಕೂಡಿ ಕಳೆದು ನೋಡಿರಲಿಲ್ಲ. ಜಯನಗರದಲ್ಲಿ ಸೈಕಲ್ ಪಥ ಮಾಡಿದಾಗಲೂ ಅದರ ಮೇಲೆ ಕಾರು ಬಂದು ನಿಂತವು, ಪಥ ಹೋಯಿತು. ನಾವು ಬಣ್ಣ ಕೇಳಿದೆವು, ಬಣ್ಣ ಕೊಟ್ಟರು.

ಕಾರಿನ ಮಾಲೀಕ
ಎಲ್ಲರೂ ಸೇರಿ ಕೊನೆಗೆ ನಮ್ಮ ಮೇಲೆ ಬಂದಿರಿ. ನಾನು ಬಾಡಿಗೆ ಮನೆಯಲ್ಲಿದ್ದೇನೆ. ಕಟ್ಟಡದಲ್ಲಿ ನಾಲ್ಕು ಮನೆ, ಒಂದೇ ಕಾರಿಗೆ ಜಾಗ, ಅದು ಮಾಲೀಕರದು. ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಕು. ಯಾವ ಬಸ್ಸು, ಯಾವ ಮೆಟ್ರೋ ಆ ಹೊತ್ತಿಗೆ ಇದೆ? ರಸ್ತೆ ತೆರಿಗೆ ಕಟ್ಟಿದ್ದೇನೆ. ಕಾರನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗಲೇ?

ಸಾಲುಮರ
ರಸ್ತೆ ತೆರಿಗೆ ಓಡಿಸುವುದಕ್ಕೆ, ನಿಲ್ಲಿಸುವುದಕ್ಕೆ ಅಲ್ಲ. ರಾಜ್ಯ ಸರ್ಕಾರ 2021ರಲ್ಲಿಯೇ ಬೆಂಗಳೂರಿಗೆ ಪಾರ್ಕಿಂಗ್ ನೀತಿಯನ್ನು ಒಪ್ಪಿದೆ. ರಸ್ತೆಬದಿ ನಿಲ್ಲಿಸಿದರೆ ಹಣ ಕೊಡಬೇಕೆಂಬುದು ಅದರ ತಿರುಳು.

ಹೂವಿನಂಗಡಿ
ಸಾಲುಮರ ಅವರೇ, ಅವರ ತಂದೆಯ ವಿಷಯ ಹೇಳಿದ್ದಾರೆ. ಅದಕ್ಕೊಂದು ಮಾತು ಹೇಳದೆ ನೀತಿ ಹೇಳಬೇಡಿ.

ನನ್ನದೂ ಒಂದು ಇದೆ. ನಮ್ಮಮ್ಮ ಇಪ್ಪತ್ತೆರಡು ವರ್ಷದಿಂದ ಬಸ್ ನಿಲ್ದಾಣದ ಪಕ್ಕ ಹೂವು ಮಾರುತ್ತಾರೆ. ಫುಟ್‌ಪಾತ್ ಹೋರಾಟ ಎಂದ ಕೂಡಲೇ ಮೊದಲು ಎತ್ತುವುದು ಅವರ ಬುಟ್ಟಿಯನ್ನು. ಕಾರು ಹಾಗೆಯೇ ಇರುತ್ತದೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ, ಸಮೀಕ್ಷೆ ಮಾಡಿ ಜಾಗ ಗುರುತಿಸದೆ ಎಬ್ಬಿಸುವಂತಿಲ್ಲ. ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿಸಿ ಬರುವ ಹುಡುಗಿಯರು ಅಮ್ಮನ ದೀಪ ಇರುವ ಬದಿಯಲ್ಲೇ ನಡೆಯುತ್ತಾರೆ. ನಿಮ್ಮ ಮನವಿಯಲ್ಲಿ 'ಒತ್ತುವರಿ ತೆರವು' ಎಂಬ ಪದ ಇದ್ದರೆ ದಯವಿಟ್ಟು ತೆಗೆಯಿರಿ.

ನಡೆದು ಬಂದವಳು
ಇತ್ತು. ತೆಗೆದಿದ್ದೇನೆ. ನಮ್ಮ ಬೀದಿಯ ತುದಿಯಲ್ಲಿ ಇಬ್ಬರು ಸೊಪ್ಪು ಮಾರುತ್ತಾರೆ, ಅವರನ್ನು ಕೂರಿಸಿಕೊಂಡು ಮಾತನಾಡುತ್ತೇವೆ.

ಮೈಸೂರು ಪೆಡಲ್
ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ನಮ್ಮ ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಆರಂಭವಾದಾಗ 450 ಸೈಕಲ್, 48 ನಿಲ್ದಾಣ. ನಾನು ಮೊದಲ ತಿಂಗಳಲ್ಲೇ ಕಾರ್ಡ್ ಮಾಡಿಸಿದ್ದೆ. ಬೆಳಗ್ಗೆ ಆರಕ್ಕೆ ಅರಮನೆಯ ಸುತ್ತ ತುಳಿಯುತ್ತಿದ್ದರೆ ಊರು ನನ್ನದು ಎನ್ನಿಸುತ್ತಿತ್ತು. ಸೈಕಲ್ ಇಟ್ಟರೆ ಸಾಲದು, ಕೆಟ್ಟದ್ದನ್ನು ಸರಿಮಾಡುವ ಕೈ ಬೇಕು. ನಿಮ್ಮ ನಿಲ್ದಾಣದಲ್ಲಿ ಸೈಕಲ್ ನಿಲ್ಲಿಸುವ ಕಂಬಿ ಕೇಳುವುದಾದರೆ ಅದರ ಹತ್ತಿರ ಒಬ್ಬ ಪಂಕ್ಚರ್ ಹಾಕುವವರಿಗೂ ಜಾಗ ಕೇಳಿ.

ಬೆಳ್ಳಂದೂರಿನ ಬೆಳಗು
ಮಡಿಚುವ ಸೈಕಲ್ಲನ್ನು ಮೆಟ್ರೋದೊಳಗೇ ಒಯ್ಯಬಹುದು, ತೂಕ ಮತ್ತು ಅಳತೆಗೆ ಮಿತಿಯಿದೆ. ನಾನು ಒಯ್ಯುತ್ತೇನೆ.

ಮಲ್ಲೇಶ್ವರದ ಅಜ್ಜ
ಮಡಿಚುವ ಸೈಕಲ್ಲಿನ ಬೆಲೆ ಎಷ್ಟಪ್ಪಾ? ಹೂವು ಮಾರುವ ತಾಯಿಗೆ ಆದೀತೇ?

ಯುಟ್ರೆಕ್ಟ್ ಕನ್ನಡತಿ
ನಾನು ಒಂಬತ್ತು ವರ್ಷದಿಂದ ನೆದರ್ಲೆಂಡ್ಸ್‌ನಲ್ಲಿದ್ದೇನೆ, ಊರು ತುಮಕೂರು. ಇಲ್ಲಿ ಹುಟ್ಟಿನಿಂದಲೇ ಎಲ್ಲರೂ ಸೈಕಲ್ ತುಳಿಯುತ್ತಾರೆಂದು ನಾವು ತಿಳಿದಿದ್ದೇವೆ. 1971ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಹೆಸರಿನಲ್ಲೇ ತಂದೆತಾಯಂದಿರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟಿನಲ್ಲಿ ಭಾನುವಾರ ಕಾರುಗಳನ್ನು ನಿಲ್ಲಿಸಿದಾಗ ಖಾಲಿ ರಸ್ತೆ ಹೇಗಿರುತ್ತದೆಂದು ಜನ ಕಂಡರು. ಇಂದು ನಾನು ಮಗಳನ್ನು ಶಾಲೆಗೆ ಬಿಡುವ ಬೀದಿಯೂ ಆಗ ಕಾರುಗಳಿಂದ ತುಂಬಿತ್ತೆಂದು ಪಕ್ಕದ ಮನೆಯ ಅಜ್ಜಿ ಹೇಳುತ್ತಾರೆ.

ಕಾರಿನ ಮಾಲೀಕ
ಅಲ್ಲಿಯ ಜನಸಂಖ್ಯೆ ಎಷ್ಟು, ಇಲ್ಲಿಯದು ಎಷ್ಟು ಮೇಡಂ? ಹೋಲಿಕೆಗೂ ಒಂದು ಮಿತಿ ಇರಲಿ.

ಯುಟ್ರೆಕ್ಟ್ ಕನ್ನಡತಿ
ಒಪ್ಪುತ್ತೇನೆ ಅಣ್ಣಾ. ಆದರೆ ಜನ ಹೆಚ್ಚಿದ್ದಷ್ಟೂ ಒಬ್ಬೊಬ್ಬರಿಗೆ ಸಿಗುವ ಜಾಗ ಕಡಿಮೆ. ಆಗ ಒಬ್ಬರು ಹತ್ತು ಚದರ ಮೀಟರ್ ಹಿಡಿದು ನಿಲ್ಲುವುದು ಇನ್ನೂ ಕಷ್ಟವಲ್ಲವೇ? ನಿಮ್ಮ ತಂದೆಯವರು ಬೇಗ ಚೇತರಿಸಿಕೊಳ್ಳಲಿ.

ಮನವಿಪತ್ರ
ಯಾವ ಬಾಗಿಲು ತಟ್ಟಬೇಕೆಂದು ಯಾರೂ ಹೇಳಲಿಲ್ಲ. ನಮ್ಮ ಗುಂಪು ಒಂದು ಬಸ್ ತಂಗುದಾಣವನ್ನು ಅರವತ್ತು ಮೀಟರ್ ಈಚೆಗೆ ತರಿಸಲು ಹದಿನಾಲ್ಕು ತಿಂಗಳು ತೆಗೆದುಕೊಂಡಿತು, ಅದರಲ್ಲಿ ಒಂಬತ್ತು ತಿಂಗಳು ಕಳೆದದ್ದು ತಪ್ಪು ಕಚೇರಿಯಲ್ಲಿ.

2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ನಗರ ಪಾಲಿಕೆಗಳು. ಫುಟ್‌ಪಾತ್ ಪಾಲಿಕೆಯದು. ಬಸ್ಸು ಸಾರಿಗೆ ಸಂಸ್ಥೆಯದು. 'ನಿಲುಗಡೆ ನಿಷೇಧ' ಫಲಕಕ್ಕೆ ಸಂಚಾರ ಪೊಲೀಸರು ಬೇಕು. ನಿಲ್ದಾಣದ ಬಾಗಿಲ ಮುಂದಿನ ಜಾಗ ಮೆಟ್ರೋ ನಿಗಮದ್ದು. ಇವೆಲ್ಲವನ್ನೂ ಒಂದು ಕಡೆ ತರಬೇಕೆಂದೇ 2022ರಲ್ಲಿ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನು ವಿಧಾನಮಂಡಲ ಅಂಗೀಕರಿಸಿತು. ಆದರೂ ನೀವು ಒಂದೊಂದು ಕಡೆಗೂ ಪ್ರತ್ಯೇಕ ಪತ್ರ ಕೊಡಿ, ಪ್ರತಿ ಪತ್ರದಲ್ಲಿ ಒಂದೇ ಬೇಡಿಕೆ ಇರಲಿ. ಟಪಾಲು ಶಾಖೆಯಲ್ಲಿ ಮೊಹರು ಹಾಕಿಸಿಕೊಂಡ ಪ್ರತಿ ಇಲ್ಲದೆ ಹೊರಗೆ ಬರಬೇಡಿ. ಲಿಖಿತ ಹಿಂಬರಹ ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದ ಗಡುವಿದೆ. ಬೈಯಲು ಹೋಗಬೇಡಿ. ನಮಗೆ ಕೊನೆಗೆ ದಾರಿ ತೋರಿಸಿದವರು ಒಬ್ಬ ಕಿರಿಯ ಎಂಜಿನಿಯರ್, ಅವರೂ ದಿನವೂ ಬಸ್ಸಿನಲ್ಲೇ ಬರುತ್ತಿದ್ದವರು.

ಹೋಗುವ ಮೊದಲು ಒಂದು ಬೆಳಗ್ಗೆ ಎರಡು ಗಂಟೆ ನಿಂತು ಎಣಿಸಿ. ವಾಹನಗಳನ್ನಲ್ಲ, ಜನರನ್ನು. ಕೇಂದ್ರದ 2006ರ ನಗರ ಸಾರಿಗೆ ನೀತಿಯೇ ಜನರ ಸಂಚಾರಕ್ಕೆ ಆದ್ಯತೆ ಎನ್ನುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪಾದಚಾರಿಗಳ ಫುಟ್‌ಪಾತಿನ ಹಕ್ಕನ್ನು ಸಂವಿಧಾನದ 21ನೇ ವಿಧಿಯ ಭಾಗವೆಂದು ಹೇಳಿದೆ. ಇವೆರಡನ್ನೂ ಪತ್ರದಲ್ಲಿ ಒಂದೊಂದು ಸಾಲಿನಲ್ಲಿ ಸೇರಿಸಿ, ಹೆಚ್ಚು ಬೇಡ.

ನಡೆದು ಬಂದವಳು
ಮೂರು ವಾರ ಆಯಿತು, ಸುದ್ದಿ ಕೊಡುತ್ತೇನೆ.

ಎಣಿಸಿದೆವು. ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ. ನಾಲ್ಕು ಜನ, ನಾಲ್ಕು ನೋಟ್‌ಬುಕ್. ನಡೆದು ಹೋದವರು ಕಾರುಗಳಲ್ಲಿ ಹೋದವರಿಗಿಂತ ಹೆಚ್ಚಿದ್ದರು. ನಾವು ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ, ಫುಟ್‌ಪಾತ್ ಬೇಕೆಂದವರೂ ಕೂಡ. ಶಾಲೆಯ ಮಕ್ಕಳನ್ನು ಎಣಿಸುತ್ತಿದ್ದವರು ಮಧ್ಯದಲ್ಲಿ ಎಣಿಕೆ ತಪ್ಪಿ ಮತ್ತೆ ಶುರುಮಾಡಿದರು, ಅಷ್ಟು ಮಕ್ಕಳು.

ಬೇಡಿಕೆ ಒಂದೇ ಮಾಡಿಕೊಂಡೆವು: ಟ್ಯಾಂಕಿನಿಂದ ಮುಖ್ಯರಸ್ತೆಯವರೆಗೆ ಕಾರು ಒಂದೇ ಬದಿಯಲ್ಲಿ ನಿಲ್ಲಬೇಕು. ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ ಎಂದು ಕೆಲವರು ಹೇಳಿದರು. ಆದರೆ ಹಾಗೆ ಮಾಡಿದರೆ ಸೈಕಲ್ಲಿಗೆ ಕಾಯಂ ಜಾಗ ಉಳಿಯುವುದಿಲ್ಲ. ಆದ್ದರಿಂದ ಶಾಲೆಯ ಬದಿಯಲ್ಲಿ ಎಂದೂ ನಿಲ್ಲಿಸಬಾರದು ಎಂದು ಬರೆದೆವು. ಗುಂಪಿನ ಇಬ್ಬರು ಇದೇ ಕಾರಣಕ್ಕೆ ಬಿಟ್ಟು ಹೋದರು. ಅವರಲ್ಲಿ ಒಬ್ಬರು ನನ್ನ ಪಕ್ಕದ ಮನೆಯವರು, ಈಗ ನನ್ನೊಡನೆ ಮಾತಿಲ್ಲ. ನೋವಾಗಿದೆ. ಹಬ್ಬಕ್ಕೆ ಹೋಳಿಗೆ ಕೊಟ್ಟು ಬರುವ ಯೋಚನೆಯಿದೆ.

ಕಾರಿನ ಮಾಲೀಕ ಅವರೇ, ನಿಮ್ಮ ಮಾತಿನಿಂದ ಒಂದು ಸಾಲು ಸೇರಿಸಿದೆವು: ರೋಗಿಗಳು, ಅಂಗವಿಕಲರು ಇರುವ ಮನೆಯ ಹತ್ತಿರ ಅವರ ವಾಹನಕ್ಕೆ ಗುರುತು ಮಾಡಿದ ಜಾಗ.

ಕಾರಿನ ಮಾಲೀಕ
ನಿಮ್ಮ ಬಡಾವಣೆ ನನ್ನದಲ್ಲ. ನಮ್ಮ ಬೀದಿಯಲ್ಲೂ ಹೀಗೆ ಕೇಳಿ ಬರೆದಿದ್ದರೆ ನಾನು ಸಹಿ ಹಾಕುತ್ತಿದ್ದೆ. ಒಂದೇ ಬದಿ ಎಂಬುದು ನನಗೆ ಇನ್ನೂ ಒಪ್ಪಿಗೆಯಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಸಾಲುಮರ
ಸುರಂಗದ ವಿಷಯ?

ನಡೆದು ಬಂದವಳು
ನಿಮ್ಮ ಮುಂದಿನ ಸಭೆಗೆ ನಾವು ಆರು ಜನ ಬರುತ್ತೇವೆ ಸರ್. ನೋಟ್‌ಬುಕ್ ತರುತ್ತೇವೆ.

ಗಾಲಿಕುರ್ಚಿ
ಕಂಬಗಳ ನಡುವಿನ ಅಳತೆ ಏನು ಬರೆದಿರಿ?

ನಡೆದು ಬಂದವಳು
ಒಂದು ಮೀಟರ್. ಕೆಳಗೆ ಗೆರೆ ಎಳೆದಿದ್ದೇವೆ.

ಹಳೆಯ ಕಂಡಕ್ಟರ್
ಟ್ಯಾಂಕಿನ ಪಕ್ಕದ ನಿವೇಶನದಲ್ಲಿ 9 ಮೀಟರಿನ ಬಸ್ಸು ಒಂದೇ ಸುತ್ತಿಗೆ ತಿರುಗುತ್ತದೆಯೇ ಎಂದು ನೋಡದೆ ಬಸ್ಸಿನ ಪತ್ರ ಕೊಡಬೇಡಿ. ಈ ಭಾನುವಾರ ಏಳಕ್ಕೆ ಬರುತ್ತೇನೆ. ನನ್ನ ಹಳೆಯ ಡ್ರೈವರ್ ಒಬ್ಬರನ್ನೂ ಕರೆತರುತ್ತೇನೆ, ಅವರ ಕಣ್ಣಳತೆ ತಪ್ಪುವುದಿಲ್ಲ. ಉದ್ದನೆಯ ಟೇಪು ನನ್ನ ಬಳಿ ಇದೆ. ನೆಲದ ಮೇಲೆ ಗೆರೆ ಹಾಕಲು ಒಂದು ಚೀಲ ಸುಣ್ಣದ ಪುಡಿ ನೀವು ತಂದಿಡಿ.

ನಡೆದು ಬಂದವಳು
ಸುಣ್ಣ ತಂದಿಡುತ್ತೇನೆ ಸರ್. ತಿಂಡಿ ನಮ್ಮ ಮನೆಯಲ್ಲೇ. ಅಮ್ಮ ಈಗಲೇ ಅಕ್ಕಿ ನೆನೆಹಾಕುವ ಮಾತನಾಡುತ್ತಿದ್ದಾರೆ.